ಚಿಕ್ಕಮ್ಮನ ಸೂಜಿ ಮತ್ತು ನನ್ನ ಕೆಂಪು ಪೆನ್ನು

ನಮ್ಮ ಚಿಕ್ಕಮ್ಮನ ಮನೆಗೆ ಊಟಕ್ಕೆ ಬಂದು, ಬೆರಳು ಚುಚ್ಚಿಸಿಕೊಳ್ಳದೆ ವಾಪಸು ಹೋದವರು ಇಡೀ ಬಳ್ಳಾರಿಯಲ್ಲಿ ಇಬ್ಬರೇ ಇಬ್ಬರು. ಇದು ಬಾಯಿಮಾತಲ್ಲ, ನನ್ನ ದಿನಚರಿಯಲ್ಲಿ ಲೆಕ್ಕವಿದೆ. ಮೊದಲನೆಯವನು ಗ್ಯಾಸ್ ಸಿಲಿಂಡರ್ ತಂದವನು. ಚಿಕ್ಕಮ್ಮ ಅವನನ್ನು ಒತ್ತಾಯದಿಂದ ಕೂರಿಸಿ ಚಿತ್ರಾನ್ನ ಕೊಟ್ಟಳು. ತಟ್ಟೆ ಒಳಗಿಟ್ಟು ಸೂಜಿ ತರುವಷ್ಟರಲ್ಲಿ ಅವನು ಖಾಲಿ ಸಿಲಿಂಡರನ್ನೂ ಬಿಟ್ಟು ಓಡಿಹೋಗಿದ್ದ. ಎರಡನೆಯವರು ಯಾವುದೋ ಸಂಬಂಧದ ಮಾತುಕತೆಗೆ ಬಂದಿದ್ದ ಹಿರಿಯರು. ಸೂಜಿ ಕಂಡ ಕೂಡಲೇ ಮೂರ್ಛೆ ಹೋದರು. ಒಪ್ಪಿಗೆ ಇಲ್ಲದೆ ಯಾರಿಗೂ ಚುಚ್ಚಬಾರದು ಎಂಬುದು ಚಿಕ್ಕಮ್ಮನ ಕಟ್ಟುನಿಟ್ಟಿನ ನಿಯಮ. ಹಾಗಾಗಿ ಅವರಿಗೆ ಎಚ್ಚರವಾಗುವವರೆಗೂ ಬೀಸಣಿಗೆ ಹಿಡಿದು ಕಾದಳು. ಎಚ್ಚರವಾದ ಮೇಲೆ ಅವರು ಒಪ್ಪಲಿಲ್ಲ. ಸಂಬಂಧಕ್ಕೂ ಒಪ್ಪಲಿಲ್ಲ.

ಚಿಕ್ಕಪ್ಪ ಈ ಲೆಕ್ಕಕ್ಕೆ ಬರುವುದಿಲ್ಲ. ಅವರು ಮನೆಯವರು. ಅವರ ಹತ್ತು ಬೆರಳಿಗೂ ಸರದಿಯ ಪಟ್ಟಿ ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿತ್ತು.

ಚಿಕ್ಕಮ್ಮ ಮೆಡಿಕಲ್ ಕಾಲೇಜಿನಲ್ಲಿ ಶರೀರಕ್ರಿಯೆಯ ಪಾಠ ಹೇಳುತ್ತಿದ್ದಳು. ಕಂಟೋನ್ಮೆಂಟಿನಲ್ಲಿ ಎತ್ತರದ ಮಾಳಿಗೆಯ ಹಳೆಯ ಮನೆ. ಡಿಗ್ರಿ ಓದಲು ನಾನು ಸಿರುಗುಪ್ಪದಿಂದ ಬಂದು ಅಲ್ಲಿ ಉಳಿದಿದ್ದೆ. ನನಗೆ ಚಿಕ್ಕಂದಿನಿಂದಲೂ ಎಣಿಸಿ ಬರೆದಿಡುವ ಚಟ. ಅದಿರಿನ ಧೂಳಿನಲ್ಲಿ ಊರು ಕೆಂಪಾಗಿದ್ದ, ದುಡ್ಡಿನಲ್ಲಿ ಊರು ಕುಣಿಯುತ್ತಿದ್ದ ವರ್ಷಗಳವು. ಕಾಲೇಜಿಗೆ ಹೋಗುವಾಗ ಬೈಪಾಸಿನಲ್ಲಿ ಎಷ್ಟು ಅದಿರು ಲಾರಿ ಕಂಡವು ಎಂದು ದಿನವೂ ಬರೆಯುತ್ತಿದ್ದೆ. ಸೋಮವಾರ ನಲವತ್ತೊಂದು, ಮಂಗಳವಾರ ಐವತ್ತಾರು, ಬುಧವಾರ ರಸ್ತೆ ದಾಟಲಾಗದೆ ವಾಪಸು. ಈ ಪುಸ್ತಕ ಒಂದು ದಿನ ಚಿಕ್ಕಮ್ಮನ ಕಣ್ಣಿಗೆ ಬಿತ್ತು. ಪುಟ ತಿರುವಿ ತಿರುವಿ ನೋಡಿದಳು.

"ಇದನ್ನ ಯಾರು ಬರಿ ಅಂದಿದ್ರು?"

"ಯಾರೂ ಇಲ್ಲ. ಸುಮ್ನ."

"ಸುಮ್ನ ಬರಿಯೋರನ್ನ ನಾನು ಎರಡು ವರ್ಷದಿಂದ ಹುಡುಕ್ತಾ ಅದೀನಿ," ಎಂದು ಸೂಜಿ ತಂದಳು. ನಾನು ಬೆರಳು ಕೊಟ್ಟೆ, ಚುಚ್ಚಿದಳು. ನನ್ನ ನೇಮಕಾತಿ ಪತ್ರ ಅದೇ.

ಅವಳ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. "ಈ ಊರಾಗ ಕಬ್ಬಿಣ ಗಾಳಿಯೊಳಗ ಐತಿ, ನೀರಾಗ ಐತಿ, ಒಣ ಹಾಕಿದ ಸೀರಿಮ್ಯಾಗ ಐತಿ. ನಮ್ಮ ಮಂದಿ ರಕ್ತದಾಗ ಮಾತ್ರ ಯಾಕಿಲ್ಲ?" ಬೆರಳು ಚುಚ್ಚಿ ತೆಗೆದ ಹನಿಯಲ್ಲಿ ಅವಳು ಅಳೆಯುತ್ತಿದ್ದದ್ದು ಹಿಮೋಗ್ಲೋಬಿನ್. ಯಾರಾದರೂ "ಸೊಪ್ಪು ತಿನ್ನಂಗಿಲ್ಲ, ಅದಕ್ಕ" ಎಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಒಂದೇ ಸಾಲಿನ ಉತ್ತರ ಕಂಡರೆ ಅವಳಿಗಾಗದು. ಮೈಯೊಳಗೆ ಯಾವ ಅಂಗವೂ ಒಂಟಿಯಾಗಿ ಬದುಕುವುದಿಲ್ಲ ಎನ್ನುತ್ತಿದ್ದಳು. "ಒಬ್ಬ ಡಾಕ್ಟರ್ ಶ್ವಾಸಕೋಶ ನೋಡ್ತಾನ, ಇನ್ನೊಬ್ಬ ಲಿವರ್ ನೋಡ್ತಾನ. ಅವ್ರಿಬ್ರೂ ಒಬ್ರಿಗೊಬ್ರು ಮಾತಾಡಿ ವರ್ಷ ಆಗೈತಿ. ಆದ್ರ ಶ್ವಾಸಕೋಶ, ಲಿವರ್ ದಿನಾ ಮಾತಾಡ್ತಾವ." ಹೀಗೆ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವುದಕ್ಕೆ ಸಿಸ್ಟಮ್ಸ್ ಬಯಾಲಜಿ ಎನ್ನುತ್ತಾರಂತೆ. ಚಿಕ್ಕಪ್ಪ ಅದಕ್ಕೆ ಸಂಸಾರ ಎನ್ನುತ್ತಿದ್ದರು.

ಆ ಮಾತುಕತೆಯನ್ನು ಬರೆಯಲು ಅವಳಿಗೆ ಯಾವ ಕಾಗದವೂ ಸಾಲಲಿಲ್ಲ. ಕೊನೆಗೆ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದಳು. ಬಾಗಿಲ ಹತ್ತಿರ ಶ್ವಾಸಕೋಶ, ಸೋಫಾದ ಕೆಳಗೆ ಲಿವರು, ಟಿ.ವಿ. ಸ್ಟ್ಯಾಂಡಿನವರೆಗೆ ಕರುಳು, ನಡುವೆ ಎಲ್ಲೆಲ್ಲೂ ಬಾಣಗಳು. ಅದನ್ನು ತುಳಿಯದೆ ಊಟದ ಮನೆಗೆ ಹೋಗುವುದನ್ನು ನಾವೆಲ್ಲ ಕಲಿತೆವು. ಕಷ್ಟವಾದದ್ದು ಕೆಲಸದ ಈರಮ್ಮನಿಗೆ.

"ಈರಮ್ಮ, ಲಿವರ್ ಒರಸಬ್ಯಾಡವಾ," ಎಂದು ಚಿಕ್ಕಮ್ಮ ಒಳಗಿನಿಂದ ಕೂಗುವಳು.

"ಲಿವರ್ ಬಿಟ್ಟೀನ್ರಿ ಅಮ್ಮಾರ. ಕರುಳು ಅರ್ಧ ಹೋತು."

ಈ ಬಾಣಗಳ ಅರ್ಥ ನನಗೆ ತಿಳಿದ ಮಟ್ಟಿಗೆ ಹೀಗೆ. ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಮೈ ಅದನ್ನು ರೋಗಾಣು ಬಂತೆಂದು ತಿಳಿಯುತ್ತದೆ. ರೋಗಾಣುಗಳಿಗೂ ಕಬ್ಬಿಣ ಬೇಕು. ಆದ್ದರಿಂದ ಲಿವರು ಒಂದು ಸಣ್ಣ ಅಣುವನ್ನು ತಯಾರಿಸಿ ಕಳಿಸುತ್ತದೆ. ಅದು ಹೋಗಿ ಕರುಳಿನಿಂದ ರಕ್ತಕ್ಕೆ ಕಬ್ಬಿಣ ದಾಟುವ ಗೇಟು ಮುಚ್ಚುತ್ತದೆ. ಧೂಳು ರೋಗಾಣುವಲ್ಲ. ಆದರೆ ಅದು ಗೇಟಿಗೆ ಹೇಗೆ ಗೊತ್ತಾಗಬೇಕು? ತಟ್ಟೆ ತುಂಬ ಸೊಪ್ಪು ತಿಂದರೂ ಒಳಗೆ ಬಿಡುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಕಬ್ಬಿಣವನ್ನು ನಿಜವಾಗಿ ತಡೆದು ನಿಲ್ಲಿಸುವ ಚೆಕ್‌ಪೋಸ್ಟ್ ಇದೊಂದೇ ಎಂದು ಚಿಕ್ಕಪ್ಪ ಷರಾ ಬರೆದರು.

ಇದನ್ನು ಲೆಕ್ಕಕ್ಕಿಳಿಸಲು ಚಿಕ್ಕಮ್ಮ ಗಾಂಧಿನಗರದಿಂದ ಒಬ್ಬ ನಿವೃತ್ತ ಗಣಿತದ ಮಾಸ್ತರರನ್ನು ಹಿಡಿದು ತಂದಳು. ಅವರು ಮೂರು ವಾರ ಕೂತು ಗೇಟು ಯಾವಾಗ ಮುಚ್ಚುತ್ತದೆ ಎಂಬುದಕ್ಕೆ ನಾಲ್ಕು ಪುಟ ಸಮೀಕರಣ ಬರೆದರು. ಆ ಭಾನುವಾರ ನಮ್ಮ ಅಪ್ಪ ಅಕ್ಕಿ ಕೊಟ್ಟು ಹೋಗಲು ಬಂದಿದ್ದರು. ಅಪ್ಪ ಕೆಂಚನಗುಡ್ಡದ ಕಡೆ ಕಾಲುವೆಯ ನೀರುಗಂಟಿ. ಹೊಲಗಳಿಗೆ ನೀರು ಬಿಡುವುದು, ತೂಬಿನ ಗೇಟು ಏರಿಸಿ ಇಳಿಸುವುದು ಅವರ ಕೆಲಸ. ನೆಲದ ಮೇಲಿನ ಕರುಳಿನ ಅಂಚಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು.

"ಇದರಾಗೇನೈತವಾ? ಕೆಳಗ ಕಾಲುವಿ ಒಡದೈತಿ ಅಂತ ಸುದ್ದಿ ಬಂದ್ರ ನಾವು ಮ್ಯಾಲಿನ ತೂಬು ಇಳಸ್ತೀವಿ. ಒಡದಿದ್ದು ನಿಜಾನೋ ಸುಳ್ಳೋ ಆಮ್ಯಾಲ ನೋಡ್ತೀವಿ. ಅಷ್ಟರಾಗ ಹೊಲ ಒಣಗಿರತೈತಿ."

ಮಾಸ್ತರರು ತಮ್ಮ ನಾಲ್ಕು ಪುಟ ನೋಡಿಕೊಂಡರು. "ಮೂರನೇ ಪುಟದ ಕೊನೀಗೆ ನಾನೂ ಇದನ್ನ ಹೇಳೀನ್ರಿ," ಎಂದರು. ಚಿಕ್ಕಮ್ಮ ಅಂದೇ ತನ್ನ ಪ್ರಬಂಧದ ಹೆಸರುಗಳ ಪಟ್ಟಿಗೆ ಅಪ್ಪನ ಹೆಸರನ್ನೂ ಸೇರಿಸಿದಳು. ಎಲ್ಲರ ಹೆಸರಿನ ಮುಂದೆ ವಿಭಾಗ ಬರೆಯಬೇಕಿತ್ತು. ಅಪ್ಪನ ಹೆಸರಿನ ಮುಂದೆ ‘ಕಾಲುವೆ’ ಎಂದು ಬರೆದಳು.

ಇನ್ನು ಅವಳು ಹೊರಗೆ ಹೊರಟರೆ ಜೊತೆಗೆ ಹೋಗಲು ಧೈರ್ಯ ಬೇಕಿತ್ತು. ಆಗ ಬಳ್ಳಾರಿಯ ಯಾವ ಚಹದಂಗಡಿಯಲ್ಲಿ ಕೂತರೂ ಅದಿರಿನದೇ ಮಾತು, ಎಷ್ಟು ಪರ್ಸೆಂಟ್ ಕಬ್ಬಿಣ ಐತಿ ಎಂಬುದೇ ವಿಚಾರ. ಒಮ್ಮೆ ಗಾಂಧಿನಗರದ ಅಂಗಡಿಯೊಂದರಲ್ಲಿ ಚಿಕ್ಕಮ್ಮ ಮಾಸ್ತರರಿಗೆ, "ಕುರುಗೋಡಿಂದು ಬರೇ ಎಂಟೂವರಿ ಬಂದೈತ್ರಿ," ಎಂದಳು. ಪಕ್ಕದ ಮೇಜಿನವನೊಬ್ಬ ಕುರ್ಚಿ ಎಳೆದುಕೊಂಡು ಬಂದ. "ಎಂಟೂವರೀನಾ? ಅದು ಅದಿರಲ್ರಿ ಅಮ್ಮಾರ, ಮಣ್ಣು. ಯಾರೋ ನಿಮಗ ಟೋಪಿ ಹಾಕ್ಯಾರ," ಎಂದು ಕನಿಕರದಿಂದ ಹೇಳಿದ. ಅವನದು ಹದಿನಾಲ್ಕು ಬಂತು. ಬೆರಳಿಗೆ ಹತ್ತಿ ಒತ್ತಿಕೊಂಡು ಅವನು ಎದ್ದುಹೋದ.

ಸೂಜಿ ತಿಂಗಳಿಗೊಮ್ಮೆ. ದಿನವೂ ಮಾಡಬೇಕಾದದ್ದು ಊದುವುದು. ಒಂದು ಗೇಣುದ್ದದ ಪ್ಲಾಸ್ಟಿಕ್ ಕೊಳವೆ, ಅದರ ಮೇಲೊಂದು ಮುಳ್ಳು. ಎದೆ ತುಂಬ ಉಸಿರು ತೆಗೆದುಕೊಂಡು ಒಂದೇ ಸಲಕ್ಕೆ ಊದಿದರೆ ಮುಳ್ಳು ಏರುತ್ತದೆ. ಶ್ವಾಸಕೋಶ ಗಟ್ಟಿಯಿದ್ದಷ್ಟೂ ಮುಳ್ಳು ಮೇಲೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳಲ್ಲಿ ನಾಲ್ಕು ನಾಲ್ಕು ಮನೆ, ಒಟ್ಟು ಹನ್ನೆರಡು. ಮನೆಗೊಂದು ಮೀಟರು, ಗೆರೆ ಹಾಕಿದ ಒಂದು ಹಾಳೆ. ಬೆಳಿಗ್ಗೆ ಏಳಕ್ಕೆ ಎಲ್ಲರೂ ಊದಿ ಅಂಕಿ ಬರೆಯಬೇಕು. ಭಾನುವಾರಗಳಂದು ನಾನು ಹೋಗಿ ಹಾಳೆ ನೋಡಬೇಕು.

ಈ ಮೀಟರನ್ನು ಚಿಕ್ಕಮ್ಮ ನಮ್ಮ ಅಕ್ಕನ ಮದುವೆಗೂ ತಂದಿದ್ದಳು. ಗಂಡಿನ ಸೋದರಮಾವ ಸುಮ್ಮನೆ ಕುತೂಹಲಕ್ಕೆ ಊದಿದರು. ಹೆಣ್ಣಿನ ಸೋದರಮಾವನೂ ಊದಬೇಕಾಯಿತು. ನಲವತ್ತು ಅಂಕಿ ಕಡಿಮೆ ಬಂತು. ನಮ್ಮ ಕಡೆಯವರ ಮುಖ ಸಣ್ಣದಾಯಿತು. "ಅವ್ರು ಊಟಕ್ಕ ಮುಂಚೆ ಊದ್ಯಾರ, ಇವ್ರು ಊಟ ಆದಮ್ಯಾಲ ಊದ್ಯಾರ, ಇದು ನ್ಯಾಯ ಅಲ್ಲ," ಎಂದು ಯಾರೋ ತಕರಾರು ತೆಗೆದರು. ಹಿರಿಯರು ಕೂತು ತೀರ್ಮಾನ ಮಾಡಿದರು. ಮರುದಿನ ಬೀಗರೂಟಕ್ಕೆ ಮೊದಲು ಎರಡೂ ಕಡೆಯವರು ಮತ್ತೆ ಊದಬೇಕು! ಆ ಮದುವೆಯ ಫೋಟೋ ಆಲ್ಬಮ್ಮಿನಲ್ಲಿ ತಾಳಿ ಕಟ್ಟುವ ಚಿತ್ರ ಎರಡು ಇವೆ, ಊದುವ ಚಿತ್ರ ಹನ್ನೊಂದು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಹಾಳೆಯಲ್ಲಿ ಖಾಲಿ ಜಾಗ ಕಂಡರೆ ನನಗೆ ಸಂಕಟ. ಯಾರೋ ಊರಿಗೆ ಹೋಗಿರುತ್ತಿದ್ದರು, ಮರೆತಿರುತ್ತಿದ್ದರು. ನಾನು ಪ್ರತಿ ಖಾಲಿ ಜಾಗಕ್ಕೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದೆ. "ನೋಡ್ರಿ, ಏಳು ಖಾಲಿ," ಎಂದು ಮನೆಯವರ ಮುಂದೆ ಗಟ್ಟಿಯಾಗಿ ಎಣಿಸುತ್ತಿದ್ದೆ. ಮೂರನೆಯ ತಿಂಗಳಿನಿಂದ ಒಂದು ಬಹುಮಾನವನ್ನೂ ಇಟ್ಟೆ. ಪೂರ್ತಿ ತುಂಬಿದ ಸಾಲಿಗೆ ಶೇಂಗಾ ಬೆಲ್ಲದ ನಾಲ್ಕು ಉಂಡಿ, ಹೆಸರಿನ ಮುಂದೆ ಒಂದು ನಕ್ಷತ್ರ. ಆ ತಿಂಗಳು ಹನ್ನೆರಡು ಮನೆಯಲ್ಲಿ ಖಾಲಿ ಜಾಗ ಸೊನ್ನೆ. ದಿನಚರಿಯಲ್ಲಿ ಸೊನ್ನೆಯ ಕೆಳಗೆ ಎರಡು ಗೆರೆ ಎಳೆದೆ.

ಕುರುಗೋಡಿನಲ್ಲಿ ಲಾರಿ ಡ್ರೈವರ್ ಮಾಬುಸಾಬ್ ಅವರ ಮನೆಯಿತ್ತು. ರಸ್ತೆಯ ಅಂಚಿನ ಮನೆ, ಅಂಗಳದ ಬೇವಿನ ಮರವೂ ಕೆಂಪು. ಮಾಬುಸಾಬ್ ಅದಿರು ತುಂಬಿಕೊಂಡು ಸಮುದ್ರದ ಬಂದರಿಗೆ ಹೋದರೆ ಬರುವುದು ಮೂರು ದಿನಕ್ಕೆ. ಅವರ ಹೆಂಡತಿ ರಜಿಯಾ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದಳು. ನನಗಿಂತ ಆರೇಳು ವರ್ಷ ದೊಡ್ಡವಳು, ಆದರೂ ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ನಮ್ಮ ಪುಸ್ತಕದಲ್ಲೇ ರಕ್ತ ತೀರ ಕಡಿಮೆ ಇದ್ದದ್ದು ಅವಳಿಗೆ. ಮಾತಿಗೇನೂ ಕಡಿಮೆಯಿರಲಿಲ್ಲ.

"ಇಷ್ಟು ಊದಿಸ್ತೀರಲ್ರಿ ಅಕ್ಕಾರ," ಎಂದು ಚಿಕ್ಕಮ್ಮನನ್ನು ಕೇಳಿದ್ದಳು, "ನಮ್ಮ ಒಲಿಮುಂದ ಬಂದು ಕುಂತ್ರ ಊದಿದ್ದೂ ಆಗತೈತಿ, ರೊಟ್ಟಿನೂ ಆಗತಾವ."

ಮಾಬುಸಾಬ್ ಅವರ ಅಂಕಿ ಮೊದಲ ತಿಂಗಳು ಇನ್ನೂರ ಎಂಬತ್ತರ ಆಸುಪಾಸಿನಲ್ಲಿತ್ತು. ಗಟ್ಟಿಮುಟ್ಟಾದ ಗಂಡಸಿಗೆ ಅದು ಬಹಳ ಕಡಿಮೆ. ಎರಡನೆಯ ತಿಂಗಳು ಸಾಲಿನ ತುಂಬ ನನ್ನ ಕೆಂಪು ಸುತ್ತುಗಳು. ಮೂರನೆಯ ತಿಂಗಳು ಒಂದೂ ಖಾಲಿಯಿಲ್ಲ, ಅಂಕಿ ಮುನ್ನೂರ ಎಪ್ಪತ್ತು. ಚಿಕ್ಕಮ್ಮ ಹಿಗ್ಗಿದಳು. ಉಸಿರು ಸುಧಾರಿಸಿದರೆ ಕರುಳಿನ ಗೇಟು ತೆರೆಯಬೇಕು, ರಕ್ತವೂ ಏರಬೇಕು. ಸೂಜಿ ಹಾಕಿದಳು. ರಕ್ತ ಇಳಿದಿತ್ತು. ನಾಲ್ಕನೆಯ ತಿಂಗಳೂ ಅದೇ ಕಥೆ: ಉಸಿರು ಮೇಲೆ, ರಕ್ತ ಇನ್ನೂ ಕೆಳಗೆ.

ಮಾಸ್ತರರು ನೆಲದ ಮೇಲೆ ಕೂತು ಬಹಳ ಹೊತ್ತು ನೋಡಿದರು. "ಮೇಡಂ, ನಿಮ್ಮ ಬಾಣ ತಿರುಗಿ ನಿಂತೈತ್ರಿ," ಎಂದರು.

ಮುಂದಿನ ಮಂಗಳವಾರ ದೂರದ ಊರಿನ ಸಭೆಯಲ್ಲಿ ಚಿಕ್ಕಮ್ಮ ಪ್ರಬಂಧ ಓದಬೇಕಿತ್ತು. ಎರಡು ವರ್ಷದ ಕೆಲಸ, ಸೋಮವಾರದ ರೈಲಿಗೆ ಟಿಕೆಟ್ಟೂ ಆಗಿತ್ತು. ಮಾಬುಸಾಬ್ ಅವರ ಸಾಲನ್ನು ಕೈಬಿಟ್ಟು ಓದಬಹುದಲ್ಲ ಎಂದು ಚಿಕ್ಕಪ್ಪ ಅಂದರು. "ಹಂಗ ಬಿಡೋದಾದ್ರ ನನಗ ಬೇಕಾದ ಬಾಣ ಅಷ್ಟ ಉಳಿತಾವ," ಎಂದಳು. ಊಟಕ್ಕೆ ಯಾರನ್ನೂ ಕರೆಯದೆ, ಸೋಫಾ ಸರಿಸಿ ಲಿವರಿನ ಪಕ್ಕ ಕೂತಿರುತ್ತಿದ್ದಳು. ಚಿಕ್ಕಪ್ಪನ ಬೆರಳುಗಳು ಆ ವಾರ ಮೊದಲ ಬಾರಿ ರಜೆ ಅನುಭವಿಸಿದವು. ಅವರಿಗೆ ಅದು ಸೇರಲಿಲ್ಲ. "ಒಂದ್ಸಲ ಚುಚ್ಚರೆ ಚುಚ್ಚು," ಎಂದು ಬೆರಳು ಚಾಚಿದರು. ಅವಳು ನೋಡಲಿಲ್ಲ.

ಶನಿವಾರ ನಾನು ಗಂಡ ಹೆಂಡತಿಯ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತೆ. ರಜಿಯಾ ಮುನ್ನೂರ ಎಂಬತ್ತು, ಮಾಬುಸಾಬ್ ಮುನ್ನೂರ ಎಪ್ಪತ್ತು. ರಜಿಯಾ ಮುನ್ನೂರ ಅರವತ್ತು, ಮಾಬುಸಾಬ್ ಮುನ್ನೂರ ಐವತ್ತು. ತಿಂಗಳುದ್ದಕ್ಕೂ ಅವಳಿಗಿಂತ ಹತ್ತು ಕಡಿಮೆ, ಅವಳು ಇಳಿದ ದಿನ ಇವರೂ ಇಳಿದಿದ್ದರು. ಆಮೇಲೆ ನನ್ನ ದಿನಚರಿ ತೆಗೆದೆ. ಒಂದು ಗುರುವಾರ ಹೀಗೆ ಬರೆದಿತ್ತು: ಬೈಪಾಸಿನಲ್ಲಿ ಮೂವತ್ತೆರಡನೆಯ ಲಾರಿ ಮಾಬುಸಾಬ್ ಅವರದು, ಬಂದರಿನ ಕಡೆ, ಕೈ ಬೀಸಿದರು. ಕುರುಗೋಡಿನ ಹಾಳೆಯಲ್ಲಿ ಶುಕ್ರವಾರವೂ ಅವರು ಊದಿದ್ದರು. ಶನಿವಾರವೂ ಊದಿದ್ದರು.

ಭಾನುವಾರ ಬೆಳಿಗ್ಗೆ ನಾನೂ ಚಿಕ್ಕಮ್ಮನೂ ಕುರುಗೋಡಿನ ಬಸ್ ಹತ್ತಿದೆವು. ಮಾಬುಸಾಬ್ ಅಂಗಳದ ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ರಜಿಯಾ ಹಾಳೆ ತಂದು ನನ್ನ ಕೈಗಿತ್ತಳು. ಖಾಲಿ ಇರಲಿಲ್ಲ.

"ರಜಿಯಾ, ಇವ್ರ ಸಾಲು ಯಾರು ಊದಿದ್ದು?" ಎಂದು ಚಿಕ್ಕಮ್ಮ ಕೇಳಿದಳು.

ರಜಿಯಾ ನನ್ನ ಕಡೆ ನೋಡಿದಳು. "ನಾನ ಊದೀನ್ರಿ. ಮೊದಲು ಅವ್ರು ಲಾರಿಮ್ಯಾಗ ಹೋದಾಗಷ್ಟ ಊದತಿದ್ದೆ. ಈ ಅಕ್ಕ ಕೆಂಪು ಸುತ್ತಿ ಎಣಸ್ತಿದ್ರಲ್ರಿ. ಅವ್ರ ಹೆಸರಿನ ಮುಂದ ಖಾಲಿ ನೋಡಾಕ ನನಗ ಆಗಲಿಲ್ರಿ."

"ಮನ್ಯಾಗ ಇದ್ದಾಗ?"

ಅವಳು ಸೆರಗಿನ ಅಂಚು ಸುತ್ತಿದಳು. ಮಾಬುಸಾಬ್ ಹೊರಸಿನಿಂದಲೇ ನಕ್ಕರು. "ಆಕಿ ಊದಿದ್ರ ನಾನು ಊದಿದಂಗ ಅಲ್ಲೇನ್ರಿ ಮೇಡಂ? ರೇಷನ್ ಕಾರ್ಡ್ ಒಂದ ಐತಲ್ರಿ."

ಚಿಕ್ಕಮ್ಮನಿಗೂ ನಗು ಬಂತು. ಅವಳು ನಗುತ್ತಲೇ ಮೀಟರನ್ನು ಅವರ ಕೈಗೆ ಕೊಟ್ಟಳು. ಅವರು ಬೇಡವೆನ್ನಲಾರದೆ ಊದಿದರು. ಮುಳ್ಳು ನೂರ ಐವತ್ತರ ಹತ್ತಿರ ಹೋಗಿ ನಿಂತಿತು. ಆಮೇಲೆ ಕೆಮ್ಮು ಹತ್ತಿತು. ಅದು ನಿಲ್ಲುವವರೆಗೆ ರಜಿಯಾ ಅವರ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು.

"ದಿನಾ ಹಿಂಗ ಆಗತೈತ್ರಿ," ಎಂದಳು. "ಮುಳ್ಳು ಏಳಾಂಗಿಲ್ಲ ಅಂತ ಅವ್ರಿಗೆ ನಾಚಿಕಿ. ಮಾಲೀಕರಿಗೆ ಗೊತ್ತಾದ್ರ ಲಾರಿ ಇಳಸ್ತಾರ ಅಂತ ಬ್ಯಾರೆ ಹೆದರಿಕಿ. ನೀ ಊದಿಬಿಡು ಅಂದ್ರು."

ಚಿಕ್ಕಮ್ಮನ ಬಾಣ ತಿರುಗಿರಲಿಲ್ಲ. ಉಸಿರು ಕೆಟ್ಟಿತ್ತು, ಗೇಟು ಮುಚ್ಚಿತ್ತು, ರಕ್ತ ಇಳಿದಿತ್ತು, ಎಲ್ಲವೂ ಅವಳು ನೆಲದ ಮೇಲೆ ಬರೆದ ಹಾಗೆಯೇ. ಹೆಂಡತಿ ಗಂಡನ ಬದಲಿಗೆ ಊದಬಹುದಿತ್ತು. ಬೆರಳು ಮಾತ್ರ ಅವರವರದೇ ಬೇಕಿತ್ತು. ನಾನು ಪೆನ್ನು ತೆಗೆದು ನೂರ ಐವತ್ತು ಎಂದು ಬರೆಯಹೋದೆ.

"ಇರ್ಲಿ ಬಿಡು," ಎಂದಳು ಚಿಕ್ಕಮ್ಮ. "ಮಾಬುಸಾಬ್, ಅಂಗಿ ಹಾಕ್ಕೊಳ್ರಿ. ಇವತ್ತ ಬಳ್ಳಾರಿಗೆ ಹೋಗಾಕಬೇಕು."

ಸಂಜೆ ಮಾಸ್ತರರು ಓಡಿಬಂದರು. "ಬಾಣ ಸರಿ ಹೋತಂತಲ್ರಿ ಮೇಡಂ. ನಾಳೆ ಹೋಗಿ ಧೈರ್ಯವಾಗಿ ಓದ್ರಿ."

"ಬಾಣ ಸರಿ ಐತ್ರಿ ಮಾಸ್ತರ. ಮನಷ್ಯಾ ಸರಿ ಇಲ್ಲ," ಎಂದಳು. ನನ್ನ ಕಡೆ ತಿರುಗಿ, "ಟಿಕೆಟ್ ವಾಪಸ್ ಮಾಡು. ಉಳಿದ ಹನ್ನೊಂದು ಮನಿಗೂ ಹೋಗಿ ಕೇಳ್ಕೊಂಡು ಬಾ. ಬೈಬ್ಯಾಡ, ಎಣಸಬ್ಯಾಡ, ಸುಮ್ನ ಕೇಳು," ಎಂದಳು.

ಎರಡು ಭಾನುವಾರ ಬೇಕಾಯಿತು. ಇನ್ನೂ ನಾಲ್ಕು ಮನೆಯವರು ಒಪ್ಪಿಕೊಂಡರು. ಗಾಂಧಿನಗರದ ಅಜ್ಜಿಯೊಬ್ಬರು ಹಾಸ್ಟೆಲಿಗೆ ಹೋದ ಮೊಮ್ಮಗನ ಪಾಲಿನದನ್ನು ಬಿಟ್ಟೂಬಿಡದೆ ಊದಿದ್ದರು. ನಾಲ್ಕನೆಯದು ಸಿರುಗುಪ್ಪದ ನಮ್ಮದೇ ಮನೆ. ಬೆಳಿಗ್ಗೆ ಏಳಕ್ಕೆ ಅಪ್ಪ ತೂಬಿನ ಮೇಲಿರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಅವರ ಸಾಲಿಗೆ ನಕ್ಷತ್ರ ಹಾಕಿದವಳೂ ನಾನೇ. "ಮಗಳು ಕೆಂಪು ಬಳೀತಾಳ ಅಂತ ನಿಮ್ಮಪ್ಪಗ ಚಿಂತಿ ಆಗಿತ್ತು," ಎಂದು ಅಮ್ಮ ಶಾಂತವಾಗಿ ಹೇಳಿದಳು, "ಅದಕ್ಕ ನಾನ ಊದಿದೆ. ಉಂಡಿ ಅವ್ರ ತಿಂದ್ರು."

ಎಷ್ಟೋ ತಿಂಗಳ ಲೆಕ್ಕಕ್ಕೆ ನಾನೇ ಅಡ್ಡಗೆರೆ ಹೊಡೆದೆ. ಚಿಕ್ಕಮ್ಮ ಒಂದು ಮಾತೂ ಬೈಯಲಿಲ್ಲ. ಮಾಬುಸಾಬ್ ಅವರನ್ನು ಎದೆಯ ಡಾಕ್ಟರು ವಾರ್ಡಿನಲ್ಲಿ ಇಟ್ಟುಕೊಂಡಿದ್ದರು. ಔಷಧಿಗೆ ಕೆಮ್ಮು ಇಳಿಯುತ್ತಿತ್ತು. ಆದರೆ ಇನ್ನು ಮೇಲೆ ಧೂಳಿನ ಕೆಲಸ ಬೇಡವೇ ಬೇಡ ಎಂದಿದ್ದರು. ಲಾರಿ ಬಿಟ್ಟರೆ ಅವರಿಗೆ ಬೇರೆ ಕೆಲಸ ಬಾರದು. ಚಿಕ್ಕಮ್ಮ ಸಿರುಗುಪ್ಪಕ್ಕೆ ಫೋನು ಮಾಡಿ ಅಪ್ಪನ ಜೊತೆ ಬಹಳ ಹೊತ್ತು ಮಾತಾಡಿದಳು. ರೈತರು ಸೇರಿ ತೂಬಿಗೊಬ್ಬ ಆಳು ಹುಡುಕುತ್ತಿದ್ದಾರೆ, ಕೇಳಿ ನೋಡುತ್ತೇನೆ ಎಂದು ಅಪ್ಪ ಹೇಳಿದರು.

ಅದು ತಿಂಗಳ ಕೊನೆಯ ಭಾನುವಾರ. ಆಸ್ಪತ್ರೆಗೆ ಬುತ್ತಿ ಒಯ್ಯಲು ರಜಿಯಾ ಕಂಟೋನ್ಮೆಂಟಿನ ಮನೆಗೆ ಬಂದಿದ್ದಳು. ನೆಲದ ಮೇಲಿನ ಚಿತ್ರವನ್ನು ಸುತ್ತಿಕೊಂಡು, ಎಲ್ಲೂ ತುಳಿಯದೆ ಒಳಗೆ ಬಂದಳು. ಚಿಕ್ಕಮ್ಮ ಬಿಸಿ ರೊಟ್ಟಿ ಹಾಕಿ ಎದುರಿಗೆ ಕೂತು ಉಣ್ಣಿಸಿದಳು. ಊಟ ಮುಗಿಯಿತು. ತಿಂಗಳ ಕೊನೆಯ ಭಾನುವಾರವೆಂದರೆ ಸೂಜಿಯ ದಿನ. ರೂಢಿಯಂತೆ ನಾನು ಸೂಜಿಯ ಡಬ್ಬಿ, ಹತ್ತಿ, ಪುಸ್ತಕ ತಂದಿಟ್ಟೆ. ರಜಿಯಾ ತಾನಾಗಿಯೇ ಕೈ ಮುಂದೆ ಮಾಡಿದಳು.

ಚಿಕ್ಕಮ್ಮ ಆ ಬೆರಳು ಹಿಡಿದಳು. ಉಗುರಿನ ಕೆಳಗೆ ಕೆಂಪು ಇರಲೇ ಇಲ್ಲ, ಬರೀ ಬಿಳುಪು. ಇಷ್ಟು ರಕ್ತ ಇಟ್ಟುಕೊಂಡು ಇವಳು ಎರಡು ತಿಂಗಳು ಇಬ್ಬರ ಉಸಿರು ಊದಿದ್ದಳು. ಚಿಕ್ಕಮ್ಮ ಸೂಜಿಯ ಡಬ್ಬಿಯ ಕಡೆ ಕೈ ಚಾಚಲಿಲ್ಲ. ಇನ್ನೊಂದು ಕೈಯನ್ನೂ ತಂದು ಅವಳ ಕೈ ಮುಚ್ಚಿಕೊಂಡು ಕೂತಳು.

"ಚುಚ್ರಿ ಅಕ್ಕಾರ," ಎಂದಳು ರಜಿಯಾ.

"ಇವತ್ತ ಬ್ಯಾಡ."

"ಖಾಲಿ ಉಳೀತೈತಲ್ರಿ."

"ಉಳೀಲಿ ಬಿಡವಾ."

ನಾನು ಕೆಂಪು ಪೆನ್ನಿನ ಮುಚ್ಚಳ ಹಾಕಿದೆ. ದಿನಚರಿಯಲ್ಲಿ ಅಂದಿನ ಪುಟ ತೆಗೆದು ಹಳೆಯ ಲೆಕ್ಕವನ್ನು ತಿದ್ದಿದೆ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಉಂಡು, ಬೆರಳು ಚುಚ್ಚಿಸಿಕೊಳ್ಳದೆ ಹೋದವರು: ಮೂರು.